ಕಾಗದದಲ್ಲಿ ರೆನೋ ಎಫ್‌ಟಿ: ಹಳೆಯ ಟ್ಯಾಂಕಿನ ಮಾದರಿಯನ್ನು ಕಟ್ಟುವುದು, ತಿದ್ದುವುದು

ಮೂರು ವಾರ ಕೂತು ಕತ್ತರಿಸಿ ಅಂಟಿಸಿದ ಮೇಲೆ ಟರೆಟ್ (ಆಯುಧ ಹೊತ್ತು ತಿರುಗುವ ಮೇಲಿನ ಗೋಪುರ) ತನ್ನ ಕುಳಿಯಲ್ಲಿ ಕೂರುವುದಿಲ್ಲ, ಇಲ್ಲವೇ ಸರಪಳಿಯ ಎರಡು ತುದಿಗಳು ಅರ್ಧ ಕೊಂಡಿಯಷ್ಟು ದೂರದಲ್ಲಿ ನಿಂತುಬಿಡುತ್ತವೆ. ಕಾಗದದ ಟ್ಯಾಂಕ್ ಕಟ್ಟುವವರಿಗೆಲ್ಲ ಒಮ್ಮೆಯಾದರೂ ಆಗುವ ಅನುಭವವಿದು. ತಪ್ಪಿನ ಜಾಡು ಹಿಡಿದು ಹಿಂದಕ್ಕೆ ಹೋದರೆ ಅದು ಬಹುತೇಕ ಮೊದಲ ಸಂಜೆಗೇ, ಅಂದರೆ ಹಾಳೆಯನ್ನು ಮುದ್ರಿಸಿದ ಗಳಿಗೆಗೋ ಒಡಲಿನ ಪೆಟ್ಟಿಗೆಯನ್ನು ಮುಚ್ಚಿದ ಗಳಿಗೆಗೋ ಹೋಗಿ ನಿಲ್ಲುತ್ತದೆ. ಆದ್ದರಿಂದ ಕಟ್ಟುವುದನ್ನೂ ತಿದ್ದುವುದನ್ನೂ ಇಲ್ಲಿ ಬೇರೆ ಬೇರೆ ಮಾಡಿಲ್ಲ. ಪ್ರತಿ ಹಂತದಲ್ಲಿ ಗೋಂದು ಹಚ್ಚುವ ಮುನ್ನ ಏನನ್ನು ಅಳೆಯಬೇಕು, ತಪ್ಪು ಕಂಡರೆ ಎಲ್ಲಿ ಕೈಹಾಕಬೇಕು ಎಂಬುದನ್ನು ಜೊತೆಜೊತೆಗೇ ಹೇಳಿದ್ದೇನೆ.

ಯಾವ ಟ್ಯಾಂಕ್, ಯಾವ ಅಳತೆ

ಆಯ್ದುಕೊಂಡಿರುವುದು ಫ್ರಾನ್ಸಿನ ರೆನೋ ಎಫ್‌ಟಿ. 1918ರ ಮೇ 31ರಂದು ರೆಟ್ಜ್ ಕಾಡಿನ ಬಳಿ ಮೊದಲ ಸಲ ಕದನಕ್ಕಿಳಿದ ಈ ಪುಟ್ಟ ಟ್ಯಾಂಕಿನಲ್ಲಿ ಇಬ್ಬರಿಗಷ್ಟೇ ಜಾಗ. ಚಾಲಕ ಮುಂದೆ, ಎಂಜಿನ್ ಹಿಂದೆ, ನಡುವೆ ಸುತ್ತಲೂ ತಿರುಗುವ ಟರೆಟ್ ಎಂಬ ಜೋಡಣೆ ಮುಂದೆ ಬಂದ ಬಹುಪಾಲು ಟ್ಯಾಂಕುಗಳಿಗೆ ಮಾದರಿಯಾಯಿತು. ಕಾಗದದ ಕೆಲಸಕ್ಕೆ ಇದು ಹೇಳಿ ಮಾಡಿಸಿದಂತಿರುವುದು ಬೇರೆ ಕಾರಣಕ್ಕೆ: ಒಡಲು ಹೆಚ್ಚುಕಡಿಮೆ ಚಪ್ಪಟೆ ತಗಡುಗಳಿಂದಾದದ್ದು, ಆದರೆ ಟರೆಟ್ಟು, ದೊಡ್ಡ ಮುಂಚಕ್ರ ಮತ್ತು ಹಿಂದಿನ ಬಾಗಿದ ಬಾಲ ಕೈಚಳಕಕ್ಕೆ ಸಾಕಷ್ಟು ಪರೀಕ್ಷೆ ಒಡ್ಡುತ್ತವೆ.

ಕಾಗದದ ಶಸ್ತ್ರವಾಹನಗಳಿಗೆ 1:25 ಅಳತೆ ಬಹಳ ಹಿಂದಿನಿಂದ ರೂಢಿಯಲ್ಲಿದೆ. ನಿಜವಾದ ಎಫ್‌ಟಿ ಬಾಲವೂ ಸೇರಿ ಸುಮಾರು 5 ಮೀಟರ್ ಉದ್ದ, 1.74 ಮೀಟರ್ ಅಗಲ, 2.14 ಮೀಟರ್ ಎತ್ತರ. ಇವನ್ನು 25ರಿಂದ ಭಾಗಿಸಿದರೆ ನಿಮ್ಮ ಮಾದರಿ 200 ಮಿ.ಮೀ. ಉದ್ದ, 69.6 ಮಿ.ಮೀ. ಅಗಲ, 85.6 ಮಿ.ಮೀ. ಎತ್ತರ ಇರಬೇಕು. ಈ ಮೂರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೆಲಸದ ಮೇಜಿನ ಎದುರು ಅಂಟಿಸಿಕೊಳ್ಳಿ. ಕಿಟ್‌ನ, ಅಂದರೆ ಭಾಗಗಳನ್ನು ಬಿಡಿಸಿಟ್ಟ ಹಾಳೆಗಳ ಕಟ್ಟಿನ, ಸೂಚನಾಪತ್ರ ಏನೇ ಹೇಳಿದರೂ ಅಂತಿಮ ತೀರ್ಪು ಈ ಚೀಟಿಯದ್ದು.

ಮುದ್ರಿಸುವಾಗ

ಮನೆಯಲ್ಲಿ ಮುದ್ರಿಸಿಕೊಳ್ಳುವ ಕಿಟ್‌ಗಳಲ್ಲಿ ಮೊದಲ ತಪ್ಪು ಪ್ರಿಂಟರ್‌ನದು. ಹಾಳೆಗೆ ಹೊಂದಿಸಿ ಮುದ್ರಿಸುವ ಆಯ್ಕೆ ತಾನಾಗಿಯೇ ಚಾಲೂ ಇರುತ್ತದೆ. ಅದನ್ನು ತೆಗೆದು ನೂರಕ್ಕೆ ನೂರು ಗಾತ್ರದಲ್ಲಿ ಮುದ್ರಿಸಬೇಕು. ಪ್ರತಿ ಹಾಳೆಯ ಅಂಚಿನಲ್ಲಿರುವ ಅಳತೆಪಟ್ಟಿಯನ್ನು ಉಕ್ಕಿನ ಸ್ಕೇಲಿನಿಂದ ಅಳೆಯಿರಿ. ಪಟ್ಟಿ ಇಲ್ಲದಿದ್ದರೆ ಕಡತದಲ್ಲಿ 100 ಮಿ.ಮೀ. ಗೆರೆಗಳನ್ನು ನೀವೇ ಎಳೆದುಕೊಳ್ಳಿ, ಒಂದು ಅಡ್ಡ, ಒಂದು ಉದ್ದ, ಏಕೆಂದರೆ ಕೆಲವು ಪ್ರಿಂಟರ್‌ಗಳು ಒಂದು ದಿಕ್ಕಿನಲ್ಲಿ ಮಾತ್ರ ತುಸು ಕುಗ್ಗಿಸುತ್ತವೆ.

ನನ್ನ ಮೊದಲ ಎಫ್‌ಟಿ ಕೆಟ್ಟದ್ದು ಇಲ್ಲಿಯೇ. ಒಡಲಿನ ಹಾಳೆಗಳು 97 ಪ್ರತಿಶತ ಗಾತ್ರದಲ್ಲಿ ಬಂದಿದ್ದವು. ಶಾಯಿ ಮುಗಿದ ಕಾರಣ ಟರೆಟ್‌ನ ಹಾಳೆಯನ್ನು ಮರುದಿನ ಬೇರೆ ಪ್ರಿಂಟರ್‌ನಲ್ಲಿ ತೆಗೆಸಿದೆ, ಅದು ಸರಿಯಾದ ಗಾತ್ರದಲ್ಲಿ ಬಂತು. ಎರಡನ್ನೂ ಬೇರೆ ಬೇರೆ ನೋಡಿದರೆ ದೋಷವೇ ಕಾಣುತ್ತಿರಲಿಲ್ಲ. 200 ಮಿ.ಮೀ. ಇರಬೇಕಾದ ಮಾದರಿ 194ಕ್ಕೆ ಇಳಿದಿದೆ ಎಂದು ಗೊತ್ತಾದದ್ದು ಟರೆಟ್ ಕುಳಿಯ ಅಂಚಿನ ಮೇಲೆ ಹೊರಚಾಚಿ ಕೂತಾಗ. ಇಂಥ ಸ್ಥಿತಿಯಲ್ಲಿ ಕುಳಿಯನ್ನು ಕೆತ್ತಿ ದೊಡ್ಡದು ಮಾಡುವ ಆಸೆಯಾಗುತ್ತದೆ, ಮಾಡಬೇಡಿ. ಚಿಕ್ಕ ಗಾತ್ರದ ಒಡಲನ್ನು ಉಳಿಸಿಕೊಳ್ಳುವುದಾದರೆ ಉಳಿದ ಹಾಳೆಗಳನ್ನೂ ಅದೇ 97 ಪ್ರತಿಶತದಲ್ಲಿ ಮತ್ತೆ ಮುದ್ರಿಸುವುದು ಸುಲಭದ ದಾರಿ. ಎಲ್ಲ ಭಾಗಗಳೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರೆ ಕಣ್ಣು ಅದನ್ನು ಹಿಡಿಯುವುದಿಲ್ಲ.

1:35ರ ಕಿಟ್ ಅನ್ನು 1:25ಕ್ಕೆ ಹಿಗ್ಗಿಸುವವರು 140 ಪ್ರತಿಶತದಲ್ಲಿ ಮುದ್ರಿಸಬೇಕು. ಚಿತ್ರ ಹಿಗ್ಗುತ್ತದೆ, ಕಾಗದದ ದಪ್ಪ ಹಿಗ್ಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. 1 ಮಿ.ಮೀ. ರಟ್ಟಿಗೆಂದು ಬಿಡಿಸಿದ್ದ ಸೀಳುಗಂಡಿ 1.4 ಮಿ.ಮೀ. ಆಗುವುದರಿಂದ ಹಂದರದ ತುಂಡುಗಳು ಅದರಲ್ಲಿ ಅಲ್ಲಾಡುತ್ತವೆ. ಗಂಡಿಗಳನ್ನೆಲ್ಲ ರಟ್ಟಿನ ದಪ್ಪಕ್ಕೆ ತಕ್ಕಂತೆ ಕಿರಿದಾಗಿಸಿ, ನಡುಗೆರೆಯಿಂದ ಎರಡೂ ಕಡೆ ಸಮವಾಗಿ ಗುರುತು ಹಾಕಿ ಕತ್ತರಿಸಬೇಕು.

ಕಾಗದ ಮತ್ತು ಗೋಂದು

ಹೊರಮೈಗೆ 160ರಿಂದ 200 ಜಿಎಸ್ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಕಾಗದ, ಒಳಹಂದರಕ್ಕೆ 1 ಮಿ.ಮೀ. ರಟ್ಟು, ಸಣ್ಣ ವಿವರಗಳಿಗೆ ಸಾಮಾನ್ಯ 80 ಜಿಎಸ್ಎಂ ಹಾಳೆ ಸಾಕು. ಕಾಗದಕ್ಕೆ ಎಳೆಯ ದಿಕ್ಕು ಇರುತ್ತದೆ. ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿದರೆ ಒಂದು ಕಡೆ ಸಲೀಸಾಗಿ ಬಾಗುತ್ತದೆ. ಬಾಲ, ಎಂಜಿನ್ ಹೊದಿಕೆ, ಟರೆಟ್‌ನಂಥ ಬಾಗಿದ ಭಾಗಗಳ ಸುರುಳಿ ಆ ಸಲೀಸಾದ ದಿಕ್ಕಿಗೇ ಬರುವಂತೆ ಮುದ್ರಿಸಿಕೊಂಡರೆ ಮೈ ಮೇಲೆ ಮುರಿದ ಗೆರೆಗಳು ಮೂಡುವುದಿಲ್ಲ. ಇಂಕ್‌ಜೆಟ್ ಹಾಳೆಗೆ ಕತ್ತರಿಸುವ ಮುನ್ನವೇ ಹೊಳಪಿಲ್ಲದ ವಾರ್ನಿಷ್ ಸಿಂಪಡಿಸಿ ಒಣಗಿಸಿ, ಇಲ್ಲದಿದ್ದರೆ ಬೆರಳಿನ ತೇವಕ್ಕೆ ಬಣ್ಣ ಹರಡುತ್ತದೆ.

ಬಿಳಿ ಪಿವಿಎ ಗೋಂದೇ ಮುಖ್ಯ ಸಾಧನ. ಅದರ ನೀರಿನ ಅಂಶ ದೊಡ್ಡ ಹಾಳೆಯನ್ನು ಉಬ್ಬಿಸುವುದರಿಂದ ರಟ್ಟಿನ ಮೇಲೆ ಇಡೀ ಹಾಳೆ ಅಂಟಿಸುವಾಗ ಅತಿ ತೆಳುವಾಗಿ ಸವರಿ, ಗಾಜಿನ ಕೆಳಗೆ ಪುಸ್ತಕಗಳ ಭಾರವಿಟ್ಟು ರಾತ್ರಿಯಿಡೀ ಬಿಡಬೇಕು.

ಒಡಲು: ಇಲ್ಲಿ ಆತುರ ಬೇಡ

ಒಡಲಿನ ಹಂದರವನ್ನು ಮೊದಲು ಗೋಂದಿಲ್ಲದೆ ಜೋಡಿಸಿ ನೋಡಿ. ಗಂಡಿಗಳು ಬಿಗಿಯಾಗಿದ್ದರೆ ಬಲವಂತದಿಂದ ನೂಕದೆ ಮರಳುಕಾಗದದಿಂದ ಒಂದೆರಡು ಸಲ ಉಜ್ಜಿ. ನೂಕಿದರೆ ರಟ್ಟಿನ ಅಂಚು ಉಬ್ಬಿ ಆ ಉಬ್ಬು ಹೊರಮೈಯ ಮೇಲೆ ಶಾಶ್ವತವಾಗಿ ಕಾಣುತ್ತದೆ. ಒಣಜೋಡಣೆಯನ್ನು ಗಾಜಿನ ತುಂಡಿನ ಮೇಲಿಟ್ಟು ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಸರದಿಯಂತೆ ಒತ್ತಿ. ಯಾವುದಾದರೂ ಮೂಲೆ ಟಿಕ್ ಎಂದು ಗಾಜಿಗೆ ಬಡಿದರೆ ಪೆಟ್ಟಿಗೆ ತಿರುಚಿಕೊಂಡಿದೆ ಎಂದರ್ಥ. ಅನಂತರ ಮೂಲೆಯಿಂದ ಮೂಲೆಗೆ ಕರ್ಣಗಳನ್ನು ಅಳೆಯಿರಿ. ಎರಡರ ನಡುವೆ ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇಲ್ಲಿ ಅರ್ಧ ಮಿಲಿಮೀಟರ್ ತಿರುಚಿದ ಪೆಟ್ಟಿಗೆ ಮುಂದೆ ಒಂದು ಬದಿಯ ಚಕ್ರಗಳನ್ನು ನೆಲದಿಂದ ಮೇಲೆತ್ತುತ್ತದೆ.

ಅಗಲದ ಲೆಕ್ಕದಲ್ಲೂ ರಟ್ಟಿನ ದಪ್ಪ ತಲೆಹಾಕುತ್ತದೆ. ಕಿಟ್ 1 ಮಿ.ಮೀ. ರಟ್ಟನ್ನು ನಂಬಿ ಬಿಡಿಸಿದ್ದು, ನಿಮ್ಮ ಕೈಯಲ್ಲಿರುವುದು 1.2 ಆಗಿದ್ದರೆ ಎರಡು ಗೋಡೆಗಳಿಂದ 0.4 ಮಿ.ಮೀ. ಹೆಚ್ಚಾಗುತ್ತದೆ. ಹೊರಮೈ ಹಾಳೆಯನ್ನು ಹಿಗ್ಗಿಸಲು ಬರುವುದಿಲ್ಲವಾದ್ದರಿಂದ ಅಡ್ಡತುಂಡುಗಳನ್ನೇ ಅಷ್ಟು ಕಿರಿದಾಗಿಸಬೇಕು. ಹೀಗೆ ಮಾಡದವರ ಮಾದರಿಗಳಲ್ಲಿ ಮೇಲ್ತಗಡಿನ ಅಂಚಿನಗುಂಟ ಬಿಳಿ ಸೀಳೊಂದು ಇಣುಕುತ್ತಿರುತ್ತದೆ. ಅದನ್ನು ಬಣ್ಣದಿಂದ ಮುಚ್ಚಬಹುದು, ಆದರೆ ಬಣ್ಣ ಹಚ್ಚಿದ ಸೀಳೂ ಸೀಳೇ.

ಮಡಿಕೆಯ ಗೆರೆಗಳನ್ನು ಬ್ಲೇಡಿನ ಹಿಂಬದಿಯಿಂದಲೋ ಒಣಗಿದ ಬಾಲ್‌ಪೆನ್ನಿನಿಂದಲೋ ಗೀರಿ, ಮಡಿಸಿ, ಕತ್ತರಿಸಿದ ಅಂಚುಗಳಿಗೂ ಮಡಿಕೆಗಳಿಗೂ ಜಲವರ್ಣ ಸವರಿದ ಮೇಲಷ್ಟೇ ಅಂಟಿಸಿ. ಬಣ್ಣ ಹೊರಮೈಗಿಂತ ಒಂದು ಛಾಯೆ ಗಾಢವಾಗಿರಲಿ. ತಿಳಿ ಅಂಚು ಎದ್ದು ಕಾಣುತ್ತದೆ, ಗಾಢ ಅಂಚು ನೆರಳಿನಂತೆ ಕಾಣುತ್ತದೆ.

ಮುಚ್ಚಿದ ಪೆಟ್ಟಿಗೆ ತಿರುಚಿಕೊಂಡಿರುವುದು ತಡವಾಗಿ ಗೊತ್ತಾದರೂ ಎಸೆಯಬೇಕಿಲ್ಲ. ತಳದ ತಗಡನ್ನು ಮೂರು ಬದಿಗಳಲ್ಲಿ ಸೀಳಿ ತೆರೆಯಿರಿ. ಒಣಗಿದ ಪಿವಿಎ ಬಿಸಿಗೆ ಮೆತ್ತಗಾಗುವುದರಿಂದ ಹೇರ್‌ಡ್ರೈಯರ್‌ನ ಬಿಸಿಗಾಳಿ ಬಿಟ್ಟು ಗೋಂದು ಹಚ್ಚಲು ಬಿಟ್ಟ ಅಂಚಿನ ಕಿವಿಗಳ ನಡುವೆ ತೆಳು ಬ್ಲೇಡ್ ಜಾರಿಸಿದರೆ ಕಾಗದ ಹರಿಯದೆ ಬಿಡಿಸಿಕೊಳ್ಳುತ್ತದೆ. ಪೆಟ್ಟಿಗೆಯನ್ನು ಗಾಜಿನ ಮೇಲೆ ಮೂಲೆಮಟ್ಟಕ್ಕೆ ಒತ್ತಿ ನಿಲ್ಲಿಸಿ, ಒಳಗೆ ಮೂಲೆಯಿಂದ ಮೂಲೆಗೆ ರಟ್ಟಿನ ಪಟ್ಟಿಯೊಂದನ್ನು ಅಂಟಿಸಿ ಒಣಗಲು ಬಿಡಿ. ತಳವನ್ನು ಮರುದಿನ ಮುಚ್ಚಿದರಾಯಿತು; ತಳಭಾಗವನ್ನು ಯಾರೂ ತಿರುಗಿಸಿ ನೋಡುವುದಿಲ್ಲ, ನೋಡುವವರು ಸ್ವತಃ ಮಾದರಿ ಕಟ್ಟುವವರೇ ಆಗಿರುತ್ತಾರೆ ಮತ್ತು ಅವರು ಸುಮ್ಮನಿರುತ್ತಾರೆ.

ಟರೆಟ್

ಎಫ್‌ಟಿಗೆ ಮುಖ್ಯವಾಗಿ ಎರಡು ಬಗೆಯ ಟರೆಟ್ ಇದ್ದವು: ಎರಕದ ದುಂಡು ಟರೆಟ್ ಮತ್ತು ತಗಡುಗಳನ್ನು ರಿವೆಟ್ ಹೊಡೆದು ಕೂಡಿಸಿದ ಎಂಟುಮೂಲೆಯ ಟರೆಟ್. ಮೊದಲ ಸಲ ಕಟ್ಟುವವರು ಎಂಟುಮೂಲೆಯದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಸೇರಿಸಬೇಕಾದವೆಲ್ಲ ನೇರ ಅಂಚುಗಳು, ತಪ್ಪಾದರೆ ಒಂದು ಮುಖವನ್ನಷ್ಟೇ ಬದಲಿಸಬಹುದು. ಇಂಥ ತಿದ್ದುಪಡಿ ದುಂಡು ಟರೆಟ್‌ನಲ್ಲಿ ಸಾಧ್ಯವಿಲ್ಲ. ಅಲ್ಲಿ ಸುತ್ತುಪಟ್ಟಿ ಒಂದೇ ತುಂಡಾಗಿರುವುದರಿಂದ ಅದರ ಉದ್ದ ತಪ್ಪಿದರೆ ಎಲ್ಲವೂ ತಪ್ಪುತ್ತದೆ.

ದುಂಡು ಭಾಗಗಳಲ್ಲಿ ಬರುವ ಸಾಮಾನ್ಯ ದೋಷ ಕಾಗದದ ದಪ್ಪವನ್ನು ಮರೆಯುವುದು. 40 ಮಿ.ಮೀ. ವ್ಯಾಸದ ತಟ್ಟೆಯ ಸುತ್ತಳತೆ 125.7 ಮಿ.ಮೀ. ಆ ತಟ್ಟೆಗೆ 0.25 ಮಿ.ಮೀ. ದಪ್ಪದ ಕಾಗದ ಸುತ್ತಿದಾಗ ಪಟ್ಟಿಯ ನಿಜವಾದ ಉದ್ದ ಕಾಗದದ ನಡುಮೈಯಲ್ಲಿ ಬೀಳುವುದರಿಂದ ವ್ಯಾಸವನ್ನು 40.25 ಎಂದು ಹಿಡಿಯಬೇಕು, ಆಗ 126.4 ಬರುತ್ತದೆ. ವ್ಯತ್ಯಾಸ 0.8 ಮಿ.ಮೀ.ಗೆ ಹತ್ತಿರ. ಕಾಗದದಲ್ಲಿ ಅದು ಬರಿಗಣ್ಣಿಗೆ ಕಾಣುವ ಬಿರುಕು. ಪಟ್ಟಿ ಗಿಡ್ಡವಾಗಿದೆಯೆಂದು ಕಂಡರೆ ಪಟ್ಟಿಯನ್ನು ಎಳೆದು ಬಿಗಿಯಬೇಡಿ. ಒಳಗಿನ ತಟ್ಟೆಯ ಅಂಚನ್ನು ಮರಳುಕಾಗದದ ಮೇಲೆ ಸುತ್ತಲೂ ಉರುಳಿಸಿ 0.25 ಮಿ.ಮೀ. ವ್ಯಾಸ ಇಳಿಸಿದರೆ ಸೇರುತ್ತದೆ.

ಎರಕದ ಟರೆಟ್‌ನ ಮೈ ಮೇಲಕ್ಕೆ ಹೋದಂತೆ ಕಿರಿದಾಗುವುದರಿಂದ ಕಿಟ್‌ನ ಪಟ್ಟಿ ಹೊಂದದಿದ್ದಾಗ ಹೊಸದನ್ನು ನೀವೇ ಬಿಡಿಸಬೇಕಾಗಬಹುದು. ಕೈವಾರ ಮತ್ತು ಕೋನಮಾಪಕ ಸಾಕು. ಉದಾಹರಣೆಗೆ ಕೆಳಗಿನ ತ್ರಿಜ್ಯ 20, ಮೇಲಿನದು 16, ಎತ್ತರ 15 ಮಿ.ಮೀ. ಎಂದಿಟ್ಟುಕೊಳ್ಳಿ. ತ್ರಿಜ್ಯಗಳ ವ್ಯತ್ಯಾಸ 4. ಅದರ ವರ್ಗ 16, ಎತ್ತರದ ವರ್ಗ 225, ಎರಡರ ಮೊತ್ತದ ವರ್ಗಮೂಲ 15.5. ಇದು ಓರೆ ಎತ್ತರ. ಇದನ್ನು 20ರಿಂದ ಗುಣಿಸಿ 4ರಿಂದ ಭಾಗಿಸಿದರೆ ಸುಮಾರು 77.6 ಬರುತ್ತದೆ; ಹಾಳೆಯ ಮೇಲೆ ಹೊರಕಮಾನಿನ ತ್ರಿಜ್ಯ ಇದೇ. ಇದರಲ್ಲಿ ಓರೆ ಎತ್ತರ ಕಳೆದರೆ ಒಳಕಮಾನಿನ ತ್ರಿಜ್ಯ 62.1. ಕೋನಕ್ಕೆ 360ನ್ನು 20ರಿಂದ ಗುಣಿಸಿ 77.6ರಿಂದ ಭಾಗಿಸಿ: 92.8 ಡಿಗ್ರಿ. ನಿಮ್ಮ ಟರೆಟ್‌ನ ಅಳತೆಗಳನ್ನು ಇದೇ ಸಾಲಿನಲ್ಲಿ ಹಾಕಿ ಲೆಕ್ಕ ಮಾಡಿ, ಮೊದಲು ಹಳೆಯ ಹಾಳೆಯಲ್ಲಿ ಕತ್ತರಿಸಿ ಸುತ್ತಿ ನೋಡಿ. ಸೇರುವ ಅಂಚುಗಳನ್ನು ಒಂದರ ಮೇಲೊಂದು ಹೇರದೆ ತುದಿಗೆ ತುದಿ ಕೂಡಿಸಿ, ಒಳಗಿನಿಂದ ಪಟ್ಟಿ ಅಂಟಿಸಬೇಕು. ಆ ಕೀಲನ್ನು ಟರೆಟ್‌ನ ಹಿಂಬದಿಗೆ ತಿರುಗಿಸಿದರೆ ಹಿಂಬಾಗಿಲು ಅದರ ಹೆಚ್ಚಿನ ಭಾಗವನ್ನು ಮರೆಮಾಡುತ್ತದೆ.

ಕವಚದ ದಪ್ಪ ಕಾಣುವ ಜಾಗಗಳನ್ನೂ ಲೆಕ್ಕದಿಂದಲೇ ನಿರ್ಧರಿಸಿ. ಎಫ್‌ಟಿಯ ಅತಿ ದಪ್ಪ ಕವಚ 22 ಮಿ.ಮೀ., 1:25ರಲ್ಲಿ 0.88. ತೆರೆದಿಟ್ಟ ಟರೆಟ್ ಬಾಗಿಲಿನ ಅಂಚು ಒಂದು ಪದರ ಕಾಗದದಷ್ಟೇ ತೆಳುವಾಗಿದ್ದರೆ ಉಕ್ಕಿನ ಭ್ರಮೆ ಅಲ್ಲೇ ಮುರಿದುಬೀಳುತ್ತದೆ. ಮೂರ್ನಾಲ್ಕು ಪದರ ಸೇರಿಸಿ ದಪ್ಪ ಬರಿಸಿ. ಹಾಗೆಯೇ 37 ಮಿ.ಮೀ. ಫಿರಂಗಿಯ ರಂಧ್ರ 1.5 ಮಿ.ಮೀ. ಆಗುತ್ತದೆ. 1.5 ಮಿ.ಮೀ. ತಂತಿಯ ಸುತ್ತ 80 ಜಿಎಸ್ಎಂ ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ, ಕೊನೆಯ ಅಂಚಿಗಷ್ಟೇ ಗೋಂದು ಹಚ್ಚಿ, ತಂತಿಯನ್ನು ಎಳೆದು ತೆಗೆದರೆ ನಳಿಗೆ ಸಿದ್ಧ.

ಕಿಟ್ ಬೆರೆಸಿದ್ದನ್ನು ಬೇರ್ಪಡಿಸುವುದು

ಅಳತೆಯ ತಪ್ಪಲ್ಲದೆ ಇತಿಹಾಸದ ತಪ್ಪುಗಳೂ ಕಿಟ್‌ಗಳಲ್ಲಿ ಸೇರಿಕೊಂಡಿರುತ್ತವೆ. ಇವುಗಳಲ್ಲಿ ಬೇಗ ಸಿಕ್ಕಿಬೀಳುವುದು ಹೊಗೆಕೊಳವೆ. ಎಫ್‌ಟಿಯಲ್ಲಿ ಅದು ಬಲಬದಿಗಿತ್ತು. ಅಮೆರಿಕದಲ್ಲಿ ತಯಾರಾದ ಪ್ರತಿರೂಪವಾದ ಎಂ1917ರಲ್ಲಿ ಎಡಬದಿಗೆ ಬಂತು. ಮುಂಚಕ್ರವೂ ಹಾಗೆಯೇ: ಫ್ರೆಂಚ್ ಟ್ಯಾಂಕಿನಲ್ಲಿ ಮರದ್ದೋ ಅರೆಕಾಲುಗಳಿರುವ ಉಕ್ಕಿನದ್ದೋ, ಅಮೆರಿಕದ್ದರಲ್ಲಿ ಗಟ್ಟಿ ಉಕ್ಕಿನ ತಟ್ಟೆ. ಒಂದು ಕಿಟ್‌ನಲ್ಲಿ ಬಲಕ್ಕೆ ಹೊಗೆಕೊಳವೆಯೂ ಗಟ್ಟಿ ತಟ್ಟೆಯ ಚಕ್ರವೂ ಒಟ್ಟಿಗೆ ಇದ್ದರೆ ಬಿಡಿಸಿದವರು ಎರಡು ಟ್ಯಾಂಕುಗಳ ಫೋಟೋ ನೋಡಿದ್ದಾರೆ ಎಂದೇ ತಿಳಿಯಬೇಕು. ಚಕ್ರವನ್ನು ಬದಲಿಸುವುದು ಸುಲಭ. ಕೊಳವೆಯನ್ನು ಬದಿ ಬದಲಿಸಹೊರಟರೆ ಎಂಜಿನ್ ಹೊದಿಕೆಯ ಮೇಲಿನ ಮುದ್ರಿತ ನೆರಳುಗಳೂ ಬದಲಾಗಬೇಕಾಗುತ್ತದೆ.

ಆಯುಧದ ಕಾಲವನ್ನೂ ನೋಡಿಕೊಳ್ಳಿ. 1918ರ ಟ್ಯಾಂಕಿಗೆ 37 ಮಿ.ಮೀ. ಪುಟೋ ಫಿರಂಗಿ ಅಥವಾ 8 ಮಿ.ಮೀ. ಹಾಚ್‌ಕಿಸ್ ಮೆಷಿನ್‌ಗನ್ ಒಪ್ಪುತ್ತದೆ. 7.5 ಮಿ.ಮೀ. ರೈಬೆಲ್ ಬಂದದ್ದು 1930ರ ದಶಕದಲ್ಲಿ. ಎಫ್‌ಟಿಗಳು ಹಲವು ದೇಶಗಳಿಗೆ ಹೋಗಿ ದಶಕಗಟ್ಟಲೆ ಉಳಿದವು, ಕಾಬೂಲಿನಲ್ಲಿ ಈ ಶತಮಾನದ ಆರಂಭದಲ್ಲೂ ಸಿಕ್ಕಿವೆ. ಆದ್ದರಿಂದ ಸಂಗ್ರಹಾಲಯದ ಫೋಟೋ ಒಂದನ್ನೇ ನಂಬಿ ತಿದ್ದಹೊರಟರೆ ಇನ್ನೊಂದು ಕಾಲದ ಟ್ಯಾಂಕ್ ಕಟ್ಟಿಬಿಡುವ ಅಪಾಯವಿದೆ. ಯಾವ ವರ್ಷ, ಯಾವ ಸೈನ್ಯ ಎಂದು ಮೊದಲು ಗೊತ್ತುಮಾಡಿಕೊಂಡು ಅದಕ್ಕೆ ಹೊಂದುವ ಚಿತ್ರಗಳನ್ನಷ್ಟೇ ಮೇಜಿನ ಮೇಲಿಡಿ. ನೆಲಹಲಗೆಯ ಮೇಲೆ ಹೆಸರು ಬರೆಯುವುದಿದ್ದರೆ ಎಫ್‌ಟಿ ಎಂದೇ ಬರೆಯಿರಿ. ಎಫ್‌ಟಿ-17 ಎಂಬುದು ಆ ಯುದ್ಧದ ಕಾಲದ ಹೆಸರಲ್ಲ, ಆಮೇಲೆ ಅಂಟಿಕೊಂಡದ್ದು.

ಚಕ್ರ ಮತ್ತು ಸರಪಳಿ

ಒಂದೊಂದು ಬದಿಗೆ ನೆಲಕ್ಕೆ ತಾಗುವ ಸಣ್ಣ ಉರುಳೆಗಳು 9, ಸರಪಳಿಯ ಮೇಲೋಟಕ್ಕೆ 6, ಮುಂದೆ ದೊಡ್ಡ ಚಕ್ರ, ಹಿಂದೆ ಹಲ್ಲುಚಕ್ರ. ಹದಿನೆಂಟು ಉರುಳೆಗಳನ್ನು ಒಂದೇ ಅಳತೆಯಲ್ಲಿ ಕತ್ತರಿಸುವುದು ಕತ್ತರಿಯಿಂದ ಆಗದ ಮಾತು. ತಟ್ಟೆಗಳನ್ನು ಗೆರೆಯ ಹೊರಗೆ ತುಸು ಉಳಿಸಿ ಕತ್ತರಿಸಿ, ಪದರಗಳನ್ನು ಅಂಟಿಸಿ, ನಡುವಿನ ತೂತಿಗೆ ಹಲ್ಲುಕಡ್ಡಿ ತೂರಿಸಿ, ಅಂಚಿಗೆ ತೆಳುವಾದ ಸೂಪರ್‌ಗ್ಲೂ ಕುಡಿಸಿ ಗಟ್ಟಿಯಾದ ಮೇಲೆ ಕಡ್ಡಿಯನ್ನು ತಿರುಗಿಸುತ್ತ ಮರಳುಕಾಗದಕ್ಕೆ ಒತ್ತಿ. ಕೆಳಗಿನ ಉರುಳೆಗಳನ್ನು ಅಂಟಿಸುವಾಗ ನೇರವಾದ ಸ್ಕೇಲಿನ ಮೇಲೆ ಸಾಲಾಗಿ ಕೂರಿಸಿ, ಒಣಗುವ ತನಕ ಸ್ಕೇಲು ತೆಗೆಯಬೇಡಿ.

ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕಟ್ಟಿ ಕಾಗದದ ಪಟ್ಟಿಗೆ ಅಂಟಿಸುವ ಮುನ್ನ ಬರೀ ಪಟ್ಟಿಯನ್ನು ಚಕ್ರಗಳ ಸುತ್ತ ಹಾಯಿಸಿ ಉದ್ದ ಗುರುತಿಸಿಕೊಳ್ಳಿ. ಆ ಉದ್ದ ಕೊಂಡಿಯ ಅಳತೆಯಿಂದ ಶೇಷವಿಲ್ಲದೆ ಭಾಗವಾಗುವುದು ಅಪರೂಪ. ಅರ್ಧ ಕೊಂಡಿ ಕತ್ತರಿಸಿ ತೇಪೆ ಹಾಕುವವರಿದ್ದಾರೆ. ಅದಕ್ಕಿಂತ ಮುಂಚಕ್ರವನ್ನು ಸರಿಸುವುದು ಲೇಸು. ಚಕ್ರ ಒಂದು ಮಿ.ಮೀ. ಮುಂದೆ ಹೋದರೆ ಸರಪಳಿಯ ಹಾದಿ ಮೇಲೂ ಕೆಳಗೂ ಸೇರಿ ಸುಮಾರು ಎರಡು ಮಿ.ಮೀ. ಉದ್ದವಾಗುತ್ತದೆ. ಹಾಗಾಗಿ 3 ಮಿ.ಮೀ. ಹೆಚ್ಚಾದ ಸರಪಳಿಗೆ ಚಕ್ರವನ್ನು 1.5 ಮಿ.ಮೀ. ಸರಿಸಿದರೆ ಸಾಕು, ನೋಡಿದವರಿಗೆ ತಿಳಿಯುವುದಿಲ್ಲ. ಇದಕ್ಕೆಂದೇ ಮುಂಚಕ್ರದ ಅಚ್ಚಿನ ತೂತನ್ನು ಮೊದಲೇ ಅಡ್ಡಕ್ಕೆ ಉದ್ದವಾಗಿ ಕೊರೆದಿಟ್ಟು, ಸರಪಳಿ ಕೂಡಿದ ಮೇಲೆ ಅಚ್ಚನ್ನು ಅಂಟಿಸಿ.

ಇನ್ನೊಂದು ತಿದ್ದುಪಡಿ ಅಭ್ಯಾಸಬಲದಿಂದ ಬರುವ ತಪ್ಪಿನದು. ನಂತರದ ಕಾಲದ ಟ್ಯಾಂಕುಗಳನ್ನು ಕಟ್ಟಿ ಪಳಗಿದವರು ಮೇಲಿನ ಸರಪಳಿಯನ್ನು ಜೋತುಬೀಳುವಂತೆ ಮಾಡುತ್ತಾರೆ. ಎಫ್‌ಟಿಯಲ್ಲಿ ಮೇಲಿನ ಆರು ಉರುಳೆಗಳ ಹಳಿಯನ್ನು ಸುರುಳಿ ಸ್ಪ್ರಿಂಗ್ ಮೇಲಕ್ಕೆ ಒತ್ತಿ ಹಿಡಿದಿರುತ್ತಿದ್ದುದರಿಂದ ಸರಪಳಿ ಬಿಗಿಯಾಗಿಯೇ ಇರುತ್ತಿತ್ತು. ಇಲ್ಲಿ ಜೋತ ಸರಪಳಿ ನೈಜತೆಯಲ್ಲ, ದೋಷ.

ರಿವೆಟ್, ಗುರುತು, ಬಾಲ

ರಿವೆಟ್‌ಗಳನ್ನು ಅಂಟಿಸುವ ಮುನ್ನವೇ, ಹಾಳೆಯನ್ನು ಮಗುಚಿ ಮೆತ್ತನೆಯ ರಬ್ಬರ್ ಮೇಲಿಟ್ಟು ಬಾಲ್‌ಪೆನ್ ತುದಿಯಿಂದ ಒತ್ತಿದರೆ ಸಣ್ಣ ಗುಬುಟುಗಳಾಗಿ ಏಳುತ್ತವೆ. ಮರೆತಿದ್ದರೆ ಸೂಜಿಮೊನೆಯಿಂದ ಪಿವಿಎ ಹನಿಗಳನ್ನಿಟ್ಟು ಒಣಗಿದ ಮೇಲೆ ಬಣ್ಣ ಹಚ್ಚಬಹುದು. ಹನಿಗಳೆಲ್ಲ ಒಂದೇ ಗಾತ್ರದಲ್ಲಿ ಬರಬೇಕಾದರೆ ಐದಾರು ರಿವೆಟ್‌ಗೊಮ್ಮೆ ಸೂಜಿಯನ್ನು ಒರೆಸಬೇಕು. ಫ್ರೆಂಚ್ ಎಫ್‌ಟಿಗಳ ಮೇಲೆ ಇಸ್ಪೀಟಿನ ಗುರುತುಗಳಿರುತ್ತಿದ್ದವು, ಯಾವ ತುಕಡಿಯದೆಂದು ತಿಳಿಸಲು. ಇಸ್ಪೀಟು ಮೊದಲನೆಯದು, ಆಟೀನು ಎರಡನೆಯದು, ಡೈಮಂಡ್ ಮೂರನೆಯದು, ಕಳಾವರ್ ನಾಲ್ಕನೆಯದು. ಒಂದೇ ಟ್ಯಾಂಕಿನ ಎರಡು ಬದಿಗಳಲ್ಲಿ ಬೇರೆ ಬೇರೆ ಗುರುತು ಮುದ್ರಿಸಿದ ಕಿಟ್ ಸಿಕ್ಕರೆ ಒಂದನ್ನು ಮುಚ್ಚಿ ಇನ್ನೊಂದರ ನಕಲು ಅಂಟಿಸಿ.

ಬಾಲವನ್ನು ಕೊನೆಗೆ ಉಳಿಸಿಕೊಳ್ಳಿ. ಕಂದಕ ದಾಟುವಾಗ ಟ್ಯಾಂಕು ಹಿಂದಕ್ಕೆ ಮಗುಚದಿರಲೆಂದು ಇಟ್ಟ ಈ ಭಾಗ ಮಾದರಿಯಲ್ಲಿ ಮೊಣಕೈ ತಾಗಿ ಮೊದಲು ನಜ್ಜಾಗುವ ಭಾಗವೂ ಹೌದು. ಅದರ ಬಾಗಿದ ತಗಡಿನ ಒಳಗೆ ಎರಡನೆಯ ಪದರವನ್ನು ಪೆನ್ಸಿಲಿಗೆ ಸುತ್ತಿ ಬಾಗಿಸಿಕೊಂಡೇ ಅಂಟಿಸಿದರೆ ಆಕಾರ ಹಿಡಿದು ನಿಲ್ಲುತ್ತದೆ. ಚಪ್ಪಟೆಯಾಗಿ ಅಂಟಿಸಿ ಆಮೇಲೆ ಬಗ್ಗಿಸಿದರೆ ಒಳಪದರ ಸುಕ್ಕುಗಟ್ಟುತ್ತದೆ. ಬಾಲ ಕೂರಿಸಿ, ಗೋಂದು ಇನ್ನೂ ಹಸಿಯಿರುವಾಗಲೇ ಮೂಗಿನಿಂದ ಬಾಲದ ತುದಿಯವರೆಗೆ ಅಳೆದು ಚೀಟಿಯ ಮೇಲಿನ 200ಕ್ಕೆ ಹೋಲಿಸಿ. ಒಂದೆರಡು ಮಿ.ಮೀ. ಕಡಿಮೆ ಬಂದರೆ ಬಾಲವನ್ನು ಅಷ್ಟು ಹಿಂದಕ್ಕೆ ಎಳೆದು, ಬಟ್ಟೆಯ ಕ್ಲಿಪ್ಪಿನಿಂದ ಕಚ್ಚಿಸಿ, ರಾತ್ರಿಯಿಡೀ ಹಾಗೇ ಬಿಡಿ.